ರಾಷ್ಟ್ರೀಯ ನೀತಿಯೂ ನಮ್ಮ ಮನೆಯ ಗೀಸರೂ

ಒಂದು ಸ್ವಿಚ್ ಒತ್ತಲು ಎಂಜಿನಿಯರಿಂಗ್ ಪದವಿ ಸಾಲದೇ? ನನ್ನ ಬಳಿ ಎರಡಿದ್ದವು!

ಹೊಸ ಆವಿಷ್ಕಾರಗಳು ತಾಂತ್ರಿಕ ಕಾಲೇಜುಗಳಿಂದ ಜನರ ಮನೆಗೆ ತಲುಪಬೇಕು ಎಂಬ ರಾಷ್ಟ್ರೀಯ ನಾವೀನ್ಯತಾ ನೀತಿ ಬಂದಾಗ, ರಾಮನಗರದ ನಮ್ಮ ಕಾಲೇಜಿನಲ್ಲಿ ಮೊದಲು ನಕ್ಕ ಮೇಷ್ಟ್ರು ನಾನು. ನೀತಿಗಳು ಕಪಾಟಿನವರೆಗೆ ಮಾತ್ರ ತಲುಪುತ್ತವೆ ಎಂಬುದು ನನ್ನ ಸಿದ್ಧಾಂತ. ಆದರೆ ನನ್ನ ವಿದ್ಯಾರ್ಥಿನಿ ನಗೀನಾ, ರೇಷ್ಮೆ ನೂಲು ತೆಗೆಯುವವರ ಮಗಳು, ಗೂಡು ಒಣಗಿಸುವ ಪುಟ್ಟ ಪೆಟ್ಟಿಗೆಯೊಂದನ್ನು ಮಾಡಿಯೇಬಿಟ್ಟಳು. ಸಮಯಕ್ಕೆ ಬಿಸಿ ಕೊಟ್ಟು ಒಣಗಿಸದಿದ್ದರೆ ಒಳಗಿನ ಹುಳು ಚಿಟ್ಟೆಯಾಗಿ, ಗೂಡು ತೂತು ಮಾಡಿಕೊಂಡು ಹೊರಬರುತ್ತದೆ, ನೂಲು ಹಾಳು. ನೀತಿಯ ಸಮಿತಿ ಬಂದು ನೋಡಿ ಒಪ್ಪಿದರೆ, ಇಂಥ ಪೆಟ್ಟಿಗೆಗಳನ್ನು ಊರಿಗೆಲ್ಲ ಮಾಡಿಕೊಡಲು ಅವಳಿಗೆ ಅನುದಾನ.

ದಸರಾ ರಜೆ, ಕಾಲೇಜಿಗೆ ಬೀಗ. "ಸಮಿತಿಗೆ ತೋರಿಸುವ ಗೂಡನ್ನು ನಮ್ಮ ಮನೆಯಲ್ಲೇ ಒಣಗಿಸುತ್ತೇನೆ" ಎಂದು ಘೋಷಿಸಿದೆ.

"ಸಾ, ಸ್ವಿಚ್ ಮರೀಬೇಡಿ ಸಾ. ಮುಚ್ಚಳ ಮಾತ್ರ ತೆಗೀಲೇಬೇಡಿ" ಎಂದಳು ನಗೀನಾ.

ಗೂಡು ತುಂಬಿದ ಪೆಟ್ಟಿಗೆಯನ್ನು ಬಚ್ಚಲ ಪಕ್ಕದಲ್ಲಿಟ್ಟು ಸ್ವಿಚ್ ಒತ್ತಿದೆ. ಒತ್ತಿದ್ದು ಸ್ಪಷ್ಟವಾಗಿ ನೆನಪಿದೆ. ಹಿಂದೊಮ್ಮೆ ಬಸ್ಸಿನಿಂದ ಛತ್ರಿ ಇಳಿಸಿಕೊಂಡದ್ದೂ ಅಷ್ಟೇ ಸ್ಪಷ್ಟವಾಗಿ ನೆನಪಿತ್ತು. ಛತ್ರಿ ಕನಕಪುರಕ್ಕೆ ಹೋಯಿತು!

ಬೆಳಿಗ್ಗೆ ನನ್ನ ಹೆಂಡತಿ ಜಯಾ ಕೂಗಿದಳು: "ರೀ, ಗೀಸರ್ ರಾತ್ರಿಯೆಲ್ಲ ಆನ್ ಆಗೇ ಐತಲ್ಲ! ನೀವಾ ಹಾಕಿದ್ದು?"

"ನಾನೇಕೆ ಹಾಕಲಿ?" ಎಂದು ದೇಶದ ವಿದ್ಯುತ್ ಪರಿಸ್ಥಿತಿಯ ಕುರಿತು ಅವಳಿಗೊಂದು ಉಪನ್ಯಾಸ ಕೊಟ್ಟೆ.

"ಒಸಿ ಆ ಪೆಟ್ಗೆ ಮುಟ್ಟಿ ನೋಡ್ರೀ. ಬಿಸೀನೇ ಇಲ್ಲ."

"ಒಳ್ಳೆಯ ವಿನ್ಯಾಸ ಎಂದರೆ ಅದೇ! ಶಾಖ ಹೊರಗೆ ಬರುವುದೇ ಇಲ್ಲ."

ರಜೆ ಮುಗಿದು ಸಮಿತಿ ಬಂತು. ಪ್ರಸ್ತಾವನೆಯಾಗಿ ಎರಡು ಮಾತು ಹೇಳಿ, ನಾನೇ ಗಂಭೀರವಾಗಿ ಮುಚ್ಚಳ ತೆಗೆದೆ. ಬಿಳಿ ಚಿಟ್ಟೆಗಳು ರೆಕ್ಕೆ ಬಡಿಯುತ್ತ ಅಂಚು ಹತ್ತಿದವು. ಒಂದಂತೂ ಅಧ್ಯಕ್ಷರ ಕೋಟಿನ ತೋಳಿಗೆ ವರ್ಗಾವಣೆ ಪಡೆಯಿತು.

"ಇದೇನ್ರೀ, ಚಿಟ್ಟೆ ಸಾಕೋ ಪೆಟ್ಟಿಗೆನಾ?" ಎಂದರು ಅಧ್ಯಕ್ಷರು.

ನಗೀನಾಳ ಮುಖ ಬಾಡಿತು. ನನಗೆ ಆಗ ಗೀಸರ್ ಅರ್ಥವಾಯಿತು!

"ಸಾರ್, ಪೆಟ್ಟಿಗೆಯ ತಪ್ಪಲ್ಲ. ನಾನು ಒತ್ತಿದ್ದು ಗೀಸರಿನ ಸ್ವಿಚ್ಚು."

ಸಮಿತಿ ನಕ್ಕಿತು. ನಗೀನಾ ನಗಲಿಲ್ಲ. "ಸಾರ್, ಇನ್ನೊಂದು ಬುಟ್ಟಿ ಗೂಡು ತರ್ತೀನಿ. ಸಂಜೆಗಂಟ ಇರಿ, ಒಣಗ್ಸಿ ತೋರುಸ್ತೀನಿ. ಮರೆಯೋರಿಗೆ ಅಂತ ಒಂದು ಬೆಲ್ಲೂ ಇಡ್ತೀನಿ. ಗೂಡು ಹಾಕಿ ಸ್ವಿಚ್ ಒತ್ತದಿದ್ರೆ ಬಡ್ಕೊಳ್ತಾನೇ ಇರ್ತದೆ."

ಸಂಜೆಯೊಳಗೆ ಗೂಡು ಗರಿಗರಿಯಾಗಿ ಒಣಗಿತು. ಅನುದಾನ ಸಿಕ್ಕಿತು. ನೀತಿಗೆ ಮೊದಲು ನಕ್ಕವನೇ ಮೊದಲು ಚಪ್ಪಾಳೆ ತಟ್ಟಿದೆ. ಕಪಾಟು ದಾಟಿದ ನೀತಿಯನ್ನು ಕಣ್ಣಾರೆ ಕಂಡಿದ್ದೆ.

ಈಗ ದೇಶದ ಪ್ರಗತಿಯಲ್ಲಿ ನನಗೂ ಒಂದು ಸ್ಥಾನವಿದೆ. ನಗೀನಾ ಏನೇ ಹೊಸದು ಮಾಡಿದರೂ ಮೊದಲು ನಮ್ಮ ಮನೆಗೆ ತರುತ್ತಾಳೆ.

"ಸಾ ಕೈಲಿ ಕೆಡದಿದ್ರೆ, ಇನ್ನೆಲ್ಲೂ ಕೆಡಾಕಿಲ್ಲ ಅಮ್ಮಾ" ಎಂದು ಜಯಾಗೆ ವಿವರಿಸುತ್ತಾಳೆ.