ಕೆಟ್ಟು ನಿಲ್ಲದ ಲಿಫ್ಟಿಗೆ

ಮಾನ್ಯ ಲಿಫ್ಟ್ ಅವರೇ,

ನಮ್ಮ ಅಕ್ಕ ಇರುವ ಕಟ್ಟಡದ ಹೊಟ್ಟೆಯೊಳಗೆ ಹಗಲಿರುಳು ಹತ್ತಿಳಿಯುತ್ತಿರುವ ತಮಗೂ, ತಮ್ಮ ಹಗ್ಗಗಳಿಗೂ, ಎಲ್ಲರೂ ತಲೆ ಬಾಚಿಕೊಳ್ಳುವ ತಮ್ಮ ಕನ್ನಡಿಗೂ ಅನಂತ ವಂದನೆಗಳು.

ಮುಚ್ಚಿದ ಬಾಗಿಲೆಂದರೆ ಎದೆ ಡವಗುಟ್ಟುವ ಜಾತಿ ನನ್ನದು. ಅಕ್ಕ ಹನ್ನೊಂದನೇ ಮಹಡಿಗೆ ಬಂದ ಮೇಲೆ ಅವಳೇ ಕೆಳಗಿಳಿದು ಬರುತ್ತಿದ್ದಳು. ಗೇಟಿನ ಪಕ್ಕ ಕೂತು ಮಾತಾಡುತ್ತಿದ್ದೆವು, ತಮ್ಮ ಹೆಸರನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಅವಳು ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ನಾನು ಮೆಟ್ಟಿಲು ಹತ್ತಿ ಹೋದೆ. ಹೋದವನು ಉಸಿರು ಸಾಲದೆ ಸೋಫಾದ ಮೇಲೆ ಉರುಳಿದ್ದರಿಂದ, ಮಂಚದಲ್ಲಿದ್ದ ಅಕ್ಕನೇ ಭಾವನನ್ನು ಕೂಗಿ ನನಗೆ ನೀರು ಕೊಡಿಸಬೇಕಾಯಿತು. "ನೋಡೋಕೆ ಬಂದ್ಯೋ, ಸಾಯೋಕೆ ಬಂದ್ಯೋ? ಹೀಗಾದ್ರೆ ಇನ್ನು ಬರ್ಲೇಬೇಡ" ಎಂದಳು.

ಹಾಗಾಗಿ ಭಯಕ್ಕೆ ಚಿಕಿತ್ಸೆ ಕೊಡುವ ಮೇಡಂ ಒಬ್ಬರ ಬಳಿಗೆ ಹೋದೆ. ಅವರು ತಮ್ಮೊಳಗೆ ಕಾಲಿಡಲು ಹೇಳಲಿಲ್ಲ. ಎದುರಿಗೆ ಸುಮ್ಮನೆ ನಿಂತು, ಎದೆಬಡಿತ ತಾನಾಗಿ ಇಳಿಯುವವರೆಗೆ ಕಾದು, ಮನೆಗೆ ಹೋಗಿ ಎಂದರು. ದಿನವೂ ನಿಂತೆ. ಬಾಗಿಲು ಮುಟ್ಟಿದೆ, ಒಳಗೊಂದು ಕಾಲಿಟ್ಟು ತೆಗೆದೆ. ಮಣಿಕಟ್ಟು ಹಿಡಿದು ಗಡಿಯಾರ ನೋಡುತ್ತಾ ತಮ್ಮನ್ನೇ ದಿಟ್ಟಿಸುವ ನನ್ನನ್ನು ಕಂಡ ವಾಚ್‌ಮನ್, ಲಿಫ್ಟ್ ಇನ್‌ಸ್ಪೆಕ್ಟರ್ ಬಂದಿದ್ದಾರೆಂದು ಸುದ್ದಿ ಹಬ್ಬಿಸಿದ. ಆಮೇಲೆ ನನ್ನ ಸುತ್ತ ಜನವೋ ಜನ. "ಸಾರ್, ಫ್ಯಾನ್ ತಿರುಗಲ್ಲ." "ಐದನೇ ಮಹಡಿ ಹತ್ರ ಒಂಥರಾ ನರಳತ್ತೆ ಸಾರ್, ಅದನ್ನೂ ಬರ್ಕೊಳಿ." ಇಳಿಯುತ್ತಿದ್ದ ಬಡಿತ ಇಂಥ ಮಾಹಿತಿಯಿಂದ ಮತ್ತೆ ಏರುತ್ತಿತ್ತು.

ಕೊನೆಗೊಂದು ದಿನ ವಾಚ್‌ಮನ್ ಬಾಗಿಲಿಗೆ ಕಾಲು ಅಡ್ಡ ಕೊಟ್ಟು, "ಹೊರಗಿಂದ ನೋಡಿದ್ದು ಸಾಕು ಸಾರ್, ಒಂದ್ಸಲ ಹೋಗ್ಬನ್ನಿ" ಎಂದ. ಹಿಂದೆ ಸಾಲು ನಿಂತಿತ್ತು. ಹೋದೆ. ಭಯ ಬಂದರೆ ಓಡಿಸಬೇಡಿ, ನಿಲ್ಲಲು ಜಾಗ ಕೊಡಿ ಎಂದು ಮೇಡಂ ಹೇಳಿದ್ದರಿಂದ ಸ್ವಲ್ಪ ಸರಿದು ನಿಂತೆ. ಅದು ಬಂದಿತು, ಪಕ್ಕದಲ್ಲಿ ನಿಂತಿತು. ಏಳನೇ ಮಹಡಿಯ ಹೊತ್ತಿಗೆ ಅದಕ್ಕೇ ಬೇಜಾರಾದಂತಿತ್ತು.

ನನ್ನ ದೂರು ಇರುವುದೇ ಇಲ್ಲಿ. ಅರ್ಧ ಆಯಸ್ಸು ತಮಗೆ ಹೆದರಿದವನನ್ನು ತಾವು ನಡೆಸಿಕೊಳ್ಳುವ ರೀತಿ ಇದೇನಾ? ದೀಪ ಆರಲಿಲ್ಲ, ನಡುವೆ ನಿಲ್ಲಲಿಲ್ಲ, ತರಕಾರಿ ಚೀಲ ಹೊತ್ತೊಯ್ಯುವಷ್ಟೇ ನಿರ್ಲಕ್ಷ್ಯದಿಂದ ಹೊತ್ತೊಯ್ದು ಬಾಗಿಲು ತೆರೆದಿರಿ. ಸಿಕ್ಕಿಕೊಂಡರೆ ಹೇಗೆ ಉಸಿರಾಡಬೇಕೆಂದು ಕಷ್ಟಪಟ್ಟು ಕಲಿತದ್ದು ದಂಡವಾಯಿತು. ಆದ್ದರಿಂದ ವಾರಕ್ಕೊಮ್ಮೆಯಾದರೂ, ನನ್ನ ಧೈರ್ಯಕ್ಕೆ ಸಾಕ್ಷಿಯಾಗಿ ಭಾವ ಜೊತೆಗಿರುವಾಗ, ಎರಡು ಮಹಡಿಗಳ ನಡುವೆ ಗೌರವಯುತವಾಗಿ ಕೆಟ್ಟು ನಿಲ್ಲಬೇಕೆಂದು ಕೋರುತ್ತೇನೆ. ಈಚೆಗೆ ಕೆಲಸವಿಲ್ಲದೆಯೂ ಹತ್ತಿಳಿಯುತ್ತಿರುವ ನನಗೆ ಹನ್ನೊಂದು ಮಹಡಿ ಬಹಳ ಬೇಗ ಮುಗಿಯುವುದರಿಂದ, ಇನ್ನೂ ನಾಲ್ಕಾರು ಮಹಡಿ ಸೇರಿಸಿಕೊಂಡರೆ ಉಪಕಾರವಾದೀತು.

ಮೊದಲ ಸಲ ತಮ್ಮಲ್ಲಿ ಹತ್ತಿ ಹೋದ ದಿನ ಅಕ್ಕ, "ಏನೋ, ಬಾಗಿಲಲ್ಲೇ ಮಾತು ಶುರು ಮಾಡ್ದೆ, ಉಸಿರು ಎಲ್ಲಿಂದ ತಂದೆ?" ಎಂದಳು. ನಮ್ಮ ಮಾತು ಮುಗಿಯುವುದನ್ನು ಕಾದು ಕಾದು ಭಾವ ಕೂತಲ್ಲೇ ನಿದ್ದೆ ಹೋದರು.

ಇನ್ನು ಮುಂದೆ ಒಳಗಡೆಯಿಂದಲೇ,
ತಮ್ಮ ವಿಶ್ವಾಸಿ,
ಹನ್ನೊಂದನೇ ಮಹಡಿಯವಳ ತಮ್ಮ

ತಾ.ಕ.: ನಡೆಯಬಹುದೆಂದು ಡಾಕ್ಟರು ಹೇಳಿದ್ದರೂ ಅಕ್ಕ ಬಿದ್ದಂದಿನಿಂದ ಹೊಸ್ತಿಲು ದಾಟಿಲ್ಲ. "ಅದು ನಿಲ್ಲೋವಾಗ ಒಂದ್ಸಲ ಕುಲುಕತ್ತೆ ಕಣೋ" ಎನ್ನುತ್ತಾಳೆ. ಮೇಡಂ ಅವರನ್ನು ಕೇಳಿಕೊಂಡು, ನಿನ್ನೆ ಇಬ್ಬರೂ ಹೊಸ್ತಿಲಲ್ಲಿ ನಿಂತು ದೂರದಿಂದ ತಮ್ಮನ್ನು ನೋಡಿದೆವು. ನನ್ನ ತೋಳು ಬಿಗಿಹಿಡಿದಿದ್ದ ಅವಳ ಹಿಡಿತ ತಾನಾಗಿ ಸಡಿಲವಾದ ಮೇಲೆ ಒಳಗೆ ಹೋದೆವು. ನಾಳೆ ವಾಕರ್ ಹಿಡಿದು ತಮ್ಮ ಬಾಗಿಲವರೆಗೆ ಬರುತ್ತಾಳೆ. ಅವಳ ನಡಿಗೆ ನಿಧಾನ. ಅವಳನ್ನು ಹೊರಗೇ ಬಿಟ್ಟು ಬಾಗಿಲು ಮುಚ್ಚಿಕೊಂಡಿರೋ, ಹೆದರುವ ಸರದಿ ತಮ್ಮದು.