ನಮ್ಮತ್ತೆಗೆ ಯೋಚಿಸಲು ಬಿಡದ ಕಂಪ್ಯೂಟರ್ ಮಹಾಶಯರಿಗೆ

ನಡುಮನೆಯ ಕಿಟಕಿಯ ಪಕ್ಕದಲ್ಲಿ, ಒಂದು ಕಾಲಿನಡಿ ಮಡಿಸಿದ ರಟ್ಟು ಕೊಟ್ಟು ನಿಲ್ಲಿಸಿದ ಮೇಜಿನ ಮೇಲೆ ವಿರಾಜಮಾನರಾಗಿರುವ ಮಾನ್ಯರೇ,

ಮನೆಯವರೆಲ್ಲರ ಪರವಾಗಿ ತಮಗೆ ಗೌರವಪೂರ್ವಕ ವಂದನೆಗಳು. ತಮ್ಮ ಫ್ಯಾನು ಗೊರಕೆ ಹೊಡೆಯದೆ ತಿರುಗುತ್ತಿರಲಿ, ತಮ್ಮ ವೈರಿಗೆ ಯಾರೂ ಎಡವದಿರಲಿ, ತಮ್ಮ ಕೀಬೋರ್ಡಿನ ಸಂದಿಗೆ ಇನ್ನು ಮುಂದಾದರೂ ಬಿಸ್ಕತ್ತಿನ ಪುಡಿ ಬೀಳದಿರಲಿ ಎಂದು ಮನಸಾರೆ ಹಾರೈಸಿ, ಈ ಕೆಳಗಿನ ದೂರನ್ನು ತಮ್ಮ ಸನ್ನಿಧಿಗೆ ಸಲ್ಲಿಸುತ್ತಿದ್ದೇನೆ.

ತಮಗೆ ಗೊತ್ತಿರುವಂತೆ, ಊರಿನ ನೀರು ಸರಬರಾಜು ಕಚೇರಿಯಲ್ಲಿ ಜನರ ದೂರುಗಳಿಗೆ ಉತ್ತರ ಬರೆಯುವುದು ನನ್ನ ಕೆಲಸ. ನಲ್ಲಿಯಲ್ಲಿ ನೀರು ಬರುತ್ತಿಲ್ಲ ಎಂದವರಿಗೆ ‘ತಮ್ಮ ದೂರು ಪರಿಶೀಲನೆಯಲ್ಲಿದೆ’ ಎಂದೂ, ನಲ್ಲಿಯ ನೀರು ನಿಲ್ಲುತ್ತಲೇ ಇಲ್ಲ ಎಂದವರಿಗೆ ‘ತಮ್ಮ ದೂರು ಪರಿಶೀಲನೆಯಲ್ಲಿದೆ’ ಎಂದೂ ಒಂದೇ ವಿನಯದಿಂದ ಬರೆದು ಪಳಗಿದ ಕೈ ಇದು. ದೂರು ಕೊಡುವವರ ಕಡೆ ಕೂತು ಬರೆಯುತ್ತಿರುವುದು ಇದೇ ಮೊದಲು. ರೂಢಿ ಇಲ್ಲದ್ದರಿಂದ ನಡುನಡುವೆ ನಿಜ ಹೇಳಿಬಿಟ್ಟರೆ ದಯವಿಟ್ಟು ಮನ್ನಿಸಬೇಕು.

ತಮ್ಮ ಹಿಂದಿನ ದಿನಗಳನ್ನು ನೆನೆಯದೆ ಮುಂದೆ ಹೋಗಲಾರೆ. ತಮ್ಮನ್ನು ಆನ್ ಮಾಡಿ, ಮಹಡಿಗೆ ಹೋಗಿ ಬಟ್ಟೆ ಒಣಹಾಕಿ, ಇಳಿದು ಬಂದು, ಕೈ ಒರೆಸಿಕೊಂಡು ಕುರ್ಚಿ ಎಳೆದು ಕೂತರೂ ಪರದೆಯ ನಡುವೆ ಆ ಪುಟ್ಟ ಚಕ್ರ ಸುತ್ತುತ್ತಲೇ ಇರುತ್ತಿತ್ತು. ನನ್ನ ಗಂಡ ಡ್ರೈವಿಂಗ್ ಕಲಿಸುವವರು, ದಿನವಿಡೀ ಪಕ್ಕದ ಸೀಟಿನಲ್ಲಿ ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ‘ನಿಧಾನ, ನಿಧಾನ’ ಎನ್ನುವುದೇ ಅವರ ಹೊಟ್ಟೆಪಾಡು. ಅಂಥವರೂ ತಮ್ಮೆದುರು ಕೂತು, “ಇದರ ಆಕ್ಸಿಲರೇಟರ್ ಎಲ್ಲಿದೆ ಹೇಳೇ, ಹತ್ತಿ ನಿಂತುಬಿಡ್ತೀನಿ” ಎಂದು ಹಲ್ಲು ಕಡಿಯುವಂತೆ ಮಾಡಿದ ಕೀರ್ತಿ ತಮ್ಮದು. ಮಗಳಂತೂ ಶಾಲೆಯ ಪಾಠವನ್ನು ತಮ್ಮಲ್ಲಿ ತೆರೆಯುವಷ್ಟರಲ್ಲಿ ಆ ಪಾಠದ ಪರೀಕ್ಷೆಯೇ ಮುಗಿದುಹೋಗುತ್ತದೆ ಎಂದು ಅತ್ತದ್ದುಂಟು.

ಆದ್ದರಿಂದಲೇ ತಮಗೆ ಹೊಸ ಮೆಮೊರಿ ಹಾಕಿಸಿದೆವು. ರಿಪೇರಿಯವನು ಬಂದು, ತಮ್ಮ ಹೊಟ್ಟೆ ಬಿಚ್ಚಿ, ಒಳಗಿದ್ದ ಧೂಳನ್ನು ಕಂಡು ನಮ್ಮ ಕಡೆ ಒಂದು ನೋಟ ಬೀರಿ, ಬೆರಳುದ್ದದ ಹಸಿರು ಪಟ್ಟಿಯೊಂದನ್ನು ಟಕ್ಕೆಂದು ಕೂರಿಸಿ, “ಇನ್ನು ನೋಡ್ತಿರಿ ಮೇಡಂ, ಗಾಳಿ ಗಾಳಿ” ಎಂದ. ನಾವೆಲ್ಲ ಸುತ್ತ ನಿಂತು ಉಸಿರು ಬಿಗಿಹಿಡಿದೆವು. ತಾವು ಎದ್ದಿರಿ, ಬೆಳಗಿದಿರಿ, ಮತ್ತು ಅದೇ ಚಕ್ರವನ್ನು ಅದೇ ಗಾಂಭೀರ್ಯದಿಂದ ತಿರುಗಿಸತೊಡಗಿದಿರಿ. ರಿಪೇರಿಯವನು ತಲೆ ಕೆರೆದುಕೊಂಡು, “ಹೊಸದಲ್ವಾ, ಹೊಂದ್ಕೋಬೇಕು” ಎಂದು ಹೇಳಿ, ನಾವು ಬಾಯಿ ತೆರೆಯುವ ಮೊದಲೇ ಮೆಟ್ಟಿಲಿಳಿದಿದ್ದ. ಆ ದಿನ ನಮ್ಮ ಮನೆಯಲ್ಲಿ ಗಾಳಿಯಂತೆ ಓಡಿದ್ದು ಅವನೊಬ್ಬನೇ.

ತಮ್ಮ ಆಲಸ್ಯದ ಮೂಲ ಎಲ್ಲಿತ್ತೆಂದು ಕಡೆಗೆ ಪತ್ತೆಯಾದಾಗ ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡದಂತಾಯಿತು. ತಮ್ಮನ್ನು ಚುರುಕು ಮಾಡುತ್ತೇವೆಂದು ಭರವಸೆ ಕೊಡುವ ಪ್ರೋಗ್ರಾಂ ಒಂದನ್ನು ನನ್ನ ಗಂಡ ಯಾರಿಗೂ ಹೇಳದೆ ಹಾಕಿದ್ದರು. ಅದೇ ಪುಣ್ಯಕಾರ್ಯಕ್ಕೆಂದು ಮಗಳು ಗುಟ್ಟಾಗಿ ಇನ್ನೊಂದನ್ನು ಹಾಕಿದ್ದಳು. ನಾನೂ ಕಚೇರಿಯ ಗೆಳತಿಯ ಮಾತು ಕೇಳಿ, ಮನೆಮಂದಿ ಬೆರಗಾಗಲಿ ಎಂಬ ಆಸೆಯಿಂದ, ಮೂರನೆಯದನ್ನು ಸೇರಿಸಿದ್ದೆ. ಒಂದೇ ಬಾಗಿಲಿಗೆ ಮೂವರು ಕಾವಲುಗಾರರನ್ನು ನಿಲ್ಲಿಸಿದಂತಾಗಿ, ಅವರು ದಿನವಿಡೀ ಒಬ್ಬರ ಜೇಬನ್ನು ಇನ್ನೊಬ್ಬರು ತಡಕುವುದರಲ್ಲಿ ನಿರತರಾಗಿದ್ದರು. ಇದು ಸಾಲದೆಂಬಂತೆ, ಎಂದೋ ಯಾರಿಗೋ ಕೊಟ್ಟ ಪ್ರಿಂಟರಿನ ಪ್ರೋಗ್ರಾಂ ತಾವು ಎದ್ದಾಗಲೆಲ್ಲ ತಾನೂ ಎದ್ದು, ಕಳೆದುಹೋದ ಮಗುವನ್ನು ಹುಡುಕುವ ಹಾಗೆ ಆ ಪ್ರಿಂಟರನ್ನು ಹುಡುಕುತ್ತಿತ್ತು. ಹೊಸ ಮೆಮೊರಿಯನ್ನೆಲ್ಲ ಈ ಬಳಗವೇ ಹಂಚಿಕೊಂಡು ಉಂಡಿತ್ತು.

ಒಂದು ರಜೆಯ ಮಧ್ಯಾಹ್ನ ಮಗಳೂ ನಾನೂ ಕೂತು, ಮೂರೂ ಕಾವಲುಗಾರರನ್ನು ಮನೆಗೆ ಕಳಿಸಿದೆವು. ಕರೆಯದೆ ತಾವಾಗಿ ಎದ್ದು ಬರುವ ಪ್ರೋಗ್ರಾಂಗಳಿಗೆಲ್ಲ ಕರೆದಾಗ ಮಾತ್ರ ಬನ್ನಿ ಎಂದು ತಾಕೀತು ಮಾಡಿ, ತಮ್ಮನ್ನು ಆರಿಸಿ ಮತ್ತೆ ಎಬ್ಬಿಸಿದೆವು. ನಾನು ಕುರ್ಚಿ ಮುಂದಕ್ಕೆ ಎಳೆದುಕೊಳ್ಳುವಷ್ಟರಲ್ಲಿ ತಾವು ಸಿದ್ಧ! ಮಗಳು ಚಪ್ಪಾಳೆ ತಟ್ಟಿದಳು, ನನ್ನ ಗಂಡ ಓಡಿಬಂದು “ಎಲ್ಲಾರೂ ಸೀಟ್ ಬೆಲ್ಟ್ ಹಾಕ್ಕೊಳ್ಳಿ” ಎಂದರು, ನಾನಂತೂ ಆ ಖುಷಿಗೆ ತಮ್ಮನ್ನು ಸುಮ್ಮಸುಮ್ಮನೆ ಇನ್ನೆರಡು ಸಲ ಆರಿಸಿ ಎಬ್ಬಿಸಿದೆ. ಇಷ್ಟಾದ ಮೇಲೆ ದೂರೇನು ಎಂದು ತಾವು ಕೇಳಬಹುದು. ದೂರು ಶುರುವಾಗುವುದೇ ಇಲ್ಲಿಂದ.

ನಮ್ಮ ಅತ್ತೆ, ಅಂದರೆ ನನ್ನ ಗಂಡನ ತಾಯಿ, ದಿನವೂ ಸಂಜೆ ತಮ್ಮೆದುರು ಕೂತು, ಬೇರೆ ಊರಿನಲ್ಲಿರುವ ತಮ್ಮನ ಜೊತೆ ಚೆಸ್ ಆಡುವುದು ತಮಗೆ ತಿಳಿದ ವಿಷಯ. ಆ ತಮ್ಮನನ್ನು ನಾವೆಲ್ಲ ಗಡಿಬಿಡಿ ಮಾವ ಎಂದೇ ಕರೆಯುವುದು. ಇನ್ನೊಬ್ಬರು ಆರಂಭಿಸಿದ ಮಾತನ್ನು ತಾವೇ ಮುಗಿಸುವಷ್ಟು ಅವಸರ ಅವರಿಗೆ. ಚಿಕ್ಕಂದಿನಲ್ಲಿ ಇಬ್ಬರೂ ಎದುರುಬದುರು ಕೂತು ಆಡುವಾಗ ಅವರು “ಬೇಗ ಆಡೇ ಅಕ್ಕಾ, ಬೇಗ ಆಡೇ” ಎಂದು ಮಂಡಿ ಕುಣಿಸುತ್ತಿದ್ದರಂತೆ. ಅಕ್ಕ ಗಾಬರಿಯಾಗಿ ಕೈಗೆ ಸಿಕ್ಕ ಕಾಯಿ ನಡೆಸಿ ಪ್ರತಿಸಲವೂ ಸೋಲುತ್ತಿದ್ದರಂತೆ. ಮಾನ್ಯರಾದ ತಮ್ಮ ಮೂಲಕ ಆಡಲು ಶುರುಮಾಡಿದ ಮೇಲೆ ಎಲ್ಲ ತಿರುವುಮುರುವಾಯಿತು. ಅತ್ತೆ ಗೆದ್ದರು, ಗೆಲ್ಲುತ್ತಲೇ ಹೋದರು. ಗಡಿಬಿಡಿ ಮಾವ ನೆಂಟರಿಗೆಲ್ಲ ಫೋನು ಮಾಡಿ, “ನಮ್ಮಕ್ಕ ಮೊದಲಿನ ಹಾಗಲ್ಲ ಕಣ್ರೋ, ಒಂದೊಂದು ನಡೆಗೂ ಎಷ್ಟು ಯೋಚನೆ ಮಾಡ್ತಾಳೆ ಗೊತ್ತಾ” ಎಂದು ಸಾರಿದರು. ಅಂದಿನಿಂದ ನೆಂಟರಿಷ್ಟರಲ್ಲಿ ಯಾರು ಮನೆ ಬದಲಿಸುವುದಿದ್ದರೂ, ಕೆಲಸ ಬಿಡುವುದಿದ್ದರೂ, ಮೊದಲ ಫೋನು ಅತ್ತೆಗೆ. ಅದುವರೆಗೆ ಯಾರೂ ಏನೂ ಕೇಳದಿದ್ದ ಆ ಹೆಂಗಸು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, “ನೋಡಪ್ಪಾ” ಎಂದು ಶುರುಮಾಡುವುದನ್ನು ನೋಡುವುದೇ ನನಗೊಂದು ಸಂತೋಷವಾಗಿತ್ತು.

ಆ ಯೋಚನೆಯ ಗುಟ್ಟು ತಾವೇ, ಮಾನ್ಯರೇ. ಅತ್ತೆ ಮೊದಲು ತೋಚಿದ ಕಾಯಿಯ ಮೇಲೆ ಒತ್ತುತ್ತಿದ್ದರು. ತಾವು ಚಕ್ರ ತಿರುಗಿಸುತ್ತಾ ಕೂರುತ್ತಿದ್ದಿರಿ. ಅಷ್ಟರಲ್ಲಿ ಮೂಲೆಯಲ್ಲಿ ಹೊಂಚುಹಾಕಿದ್ದ ಕುದುರೆ ಕಣ್ಣಿಗೆ ಬಿದ್ದು ಅವರು “ಅಯ್ಯೋ ಬೇಡ ಬೇಡ” ಎಂದು ಇನ್ನೊಂದು ಕಾಯಿ ಹಿಡಿಯುತ್ತಿದ್ದರು. ಮೊದಲನೆಯದನ್ನು ಕೇಳಿಸಿಕೊಂಡೇ ಇರದ ತಾವು ಎರಡನೆಯದನ್ನು ನಡೆಸುತ್ತಿದ್ದಿರಿ. ತಮ್ಮ ಕಿವುಡಿನಷ್ಟು ಉಪಕಾರಿಯಾದ ಕಿವುಡನ್ನು ನಾನು ನಮ್ಮ ಕಚೇರಿಯಲ್ಲೂ ಕಂಡಿಲ್ಲ.

ತಾವು ಚುರುಕಾದ ಮರುದಿನ ಸಂಜೆ ಅತ್ತೆ ಎಂದಿನಂತೆ ಒತ್ತಿದರು, ಒತ್ತಿದ್ದೇ ತಡ, ಮಂತ್ರಿ ಹೋಗಿ ಶತ್ರುವಿನ ಬಾಯಿಗೆ ಬಿದ್ದ. ಗಡಿಬಿಡಿ ಮಾವ ಫೋನು ಮಾಡಿ, “ಏನಕ್ಕಾ, ಬಸ್ಸು ಹಿಡಿಯೋದಿದೆಯಾ?” ಎಂದು ನಕ್ಕರು. ಮಾರನೆಯ ದಿನ ಆನೆ, ಅದರ ಮಾರನೆಯ ದಿನ ಆಟವೇ. ವಾರ ಕಳೆಯುವಷ್ಟರಲ್ಲಿ ಅತ್ತೆ ತಮ್ಮ ಪರದೆಯ ಮೇಲೊಂದು ಟವೆಲು ಹೊದಿಸಿ, “ಕಣ್ಣು ಉರಿಯುತ್ತೆ, ಇನ್ಮೇಲೆ ಆಡಲ್ಲ” ಎಂದರು. ಅವರ ಕಣ್ಣಿಗೆ ಏನೂ ಆಗಿಲ್ಲ ಎಂದು ನನಗೆ ಗೊತ್ತು. ಮೊನ್ನೆ ನೆಂಟರೊಬ್ಬರು ಸಲಹೆ ಕೇಳಲು ಫೋನು ಮಾಡಿದಾಗ, “ನನಗೇನು ಗೊತ್ತಾಗುತ್ತೆ, ಇವಳನ್ನೇ ಕೇಳು” ಎಂದು ಫೋನನ್ನು ನನ್ನ ಕೈಗಿಟ್ಟು ಒಳಗೆ ಹೋಗಿಬಿಟ್ಟರು. ನನಗೆ ನಿಜವಾಗಿ ಸಂಕಟವಾಯಿತು. ತಮ್ಮ ಮೇಲೆ ಸಿಟ್ಟೂ ಬಂತು.

ಆದಕಾರಣ ತಮ್ಮಲ್ಲಿ ಸವಿನಯ ಕೋರಿಕೆ ಏನೆಂದರೆ, ದಿನದ ಬಾಕಿ ಹೊತ್ತೆಲ್ಲ ಈಗಿನ ಚುರುಕಿನಲ್ಲೇ ಇದ್ದು, ಸಂಜೆ ಅತ್ತೆ ಎದುರಿಗೆ ಕೂತ ಆ ಒಂದು ಗಂಟೆ ಮಾತ್ರ ತಮ್ಮ ಹಳೆಯ ಜಡತ್ವವನ್ನು ದಯಪಾಲಿಸಬೇಕು. ಕಾಲಾಳು ನಡೆಸಿದರೆ ಸ್ವಲ್ಪ, ಮಂತ್ರಿಯನ್ನು ಮುಟ್ಟಿದರೆ ಧಾರಾಳವಾಗಿ ಚಕ್ರ ತಿರುಗಿಸಬೇಕು. ಅವರ ಬಾಯಿಂದ “ಅಯ್ಯೋ” ಬರುವವರೆಗೆ ಯಾವ ಆಜ್ಞೆಯನ್ನೂ ಕೇಳಿಸಿಕೊಳ್ಳಬಾರದು. ಬೇಕಿದ್ದರೆ ಮೂವರು ಕಾವಲುಗಾರರನ್ನು ಆ ಹೊತ್ತಿಗೆ ಗೌರವ ಸೇವೆಯ ಮೇಲೆ ಮತ್ತೆ ನೇಮಿಸಿಕೊಳ್ಳಲು ನಮ್ಮ ಆಕ್ಷೇಪವಿಲ್ಲ. ತಮ್ಮಷ್ಟು ಬುದ್ಧಿವಂತರಿಗೆ ಇದೇನು ದೊಡ್ಡದಲ್ಲ. ಈ ದೂರಿಗೆ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಮಾತ್ರ ಕೊಡಬೇಡಿ; ಆ ಮಾತಿನ ಅರ್ಥ ನನಗಿಂತ ಚೆನ್ನಾಗಿ ಬಲ್ಲವರಿಲ್ಲ.

ಸಿಟ್ಟಿನಲ್ಲೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಈ ಮನೆಯ ಸೊಸೆ

ವಿ.ಸೂ.: ಟವೆಲು ಸರಿಸಿ ಈ ಪತ್ರವನ್ನು ತಮ್ಮಲ್ಲೇ ಟೈಪು ಮಾಡಿದವಳು, ಒಲೆಯ ಮೇಲಿಟ್ಟಿದ್ದ ಹಾಲಿನ ನೆನಪಾಗಿ ಮುಚ್ಚದೆ ಎದ್ದು ಓಡಿದೆ. ಹಿಂದಿನ ಕಾಲವಾಗಿದ್ದರೆ ತಾವು ಇನ್ನೂ ಮೊದಲ ಸಾಲನ್ನೇ ತೋರಿಸುತ್ತಿದ್ದಿರಿ. ಈಗ ಚುರುಕಲ್ಲವೇ, ಅಷ್ಟರಲ್ಲಿ ಅಲ್ಲಿಗೆ ಬಂದ ಅತ್ತೆಗೆ ಪೂರ್ತಿ ಓದಿಸಿಯೇ ಬಿಟ್ಟಿರಿ. “ನನ್ನ ಮರ್ಯಾದೆಯೆಲ್ಲ ಈ ಡಬ್ಬಿ ಕೈಲಿತ್ತು ಅಂತ ಬರ್ದಿದೀಯಲ್ಲೇ” ಎಂದು ನನ್ನನ್ನೊಮ್ಮೆ ದುರುಗುಟ್ಟಿ ನೋಡಿ, ಅಡಿಗೆಮನೆಯಿಂದ ಬಟಾಣಿಯ ಬುಟ್ಟಿ ತಂದು ಮಡಿಲಲ್ಲಿಟ್ಟುಕೊಂಡು, ತಮ್ಮನನ್ನು ಆಟಕ್ಕೆ ಕರೆದರು. ಕಾಯಿ ನಡೆಸಬೇಕೆಂದು ಕೈ ತುಡಿದಾಗಲೆಲ್ಲ ಒಂದು ಹಿಡಿ ಬಟಾಣಿ ಸುಲಿಯಬೇಕು, ಆಮೇಲೆಯೇ ಮೌಸ್ ಮುಟ್ಟಬೇಕು, ಇದು ಅತ್ತೆ ತಮಗೆ ತಾವೇ ಹಾಕಿಕೊಂಡ ಕಟ್ಟಳೆ. ಅವರು ಸುಲಿದರು, ತಾವು ಕಾದಿರಿ. ಅವರು ಸುಲಿಯುತ್ತಲೇ ಇದ್ದರು, ತಾವು ಕಾದು ಕಾದು ಪರದೆ ಕಪ್ಪು ಮಾಡಿಕೊಂಡು ನಿದ್ದೆ ಹೋದಿರಿ. ಫೋನಿನಲ್ಲಿ ಗಡಿಬಿಡಿ ಮಾವ “ಬೇಗ ಆಡೇ ಅಕ್ಕಾ” ಎಂದಾಗ, ಅತ್ತೆ ಹುಟ್ಟಿದಾರಭ್ಯ ಹೇಳದಿದ್ದ ಮಾತು ಹೇಳಿದರು: “ಯೋಚನೆ ಮಾಡ್ತಿದೀನಿ, ಸುಮ್ನಿರು.” ಆಟ ಗೆದ್ದವರು ಯಾರೆಂದು ತಮಗೆ ಬೇರೆ ಹೇಳಬೇಕಾಗಿಲ್ಲ. ಆದ್ದರಿಂದ ಮೇಲಿನ ಕೋರಿಕೆಗಳನ್ನೆಲ್ಲ ಹಿಂದಕ್ಕೆ ಪಡೆದಿದ್ದೇನೆ. ತಾವು ಎಷ್ಟು ಬೇಕಾದರೂ ವೇಗವಾಗಿರಿ, ಇನ್ನು ಕಾಯುವ ಸರದಿ ತಮ್ಮದು. ಬೇಸರವಾದರೆ ಲಿಖಿತ ದೂರು ಸಲ್ಲಿಸಬಹುದು. ನಾನೇ ಖುದ್ದಾಗಿ ಪರಿಶೀಲನೆಯಲ್ಲಿ ಇಡುತ್ತೇನೆ.