ಆವಲಪ್ಪನ ಕಾಳು ವಿಂಗಡಣೆ

ಮಗುವನ್ನು ಆಡಿಸುವುದೂ ಒಂದು ಕೆಲಸವೇ ಎಂದು ಆವಲಪ್ಪ ಎದೆಯುಬ್ಬಿಸಿ ಕೇಳಿದಾಗ ಒಂದು ಬೆಕ್ಕಾದರೂ ಅಡ್ಡ ಬಂದು ಅವನನ್ನು ತಡೆಯಬೇಕಿತ್ತು. ನಂದಗುಡಿ ಕಡೆಯ ಬೆಕ್ಕುಗಳಿಗೆ ಅಷ್ಟು ಪುರುಸೊತ್ತೆಲ್ಲಿ! ಅದು ಎಪ್ಪತ್ತನಾಲ್ಕನೇ ಇಸವಿಯ ಒಂದು ಭಾನುವಾರ. ಪುನರ್ವಸು ಮಳೆ ಹದವಾಗಿ ಬಿದ್ದು ಹೊಲ ರಾಗಿ ಬಿತ್ತನೆಗೆ ತಯಾರಾಗಿತ್ತು. ಹೆಂಡತಿ ಮುನಿಗಂಗಮ್ಮ ಸೀರೆ ಎತ್ತಿಕಟ್ಟಿ, ಕುಡುಗೋಲು ಹಿಡಿದು ಹೊಸಿಲ ಮೇಲೆ ನಿಂತಿದ್ದಳು.

"ಎರಡು ವರ್ಷದ ಕೂಸು ಅದು. ನಿಮ್ಮ ಕೈಲಿ ಆಗುತ್ತಾ?"

"ಆಫೀಸಿನಲ್ಲಿ ಐನೂರು ಫೈಲು ಸಂಬಾಳಿಸೋನು ನಾನು. ಒಂದು ಕೂಸು ಯಾವ ಲೆಕ್ಕ?"

"ಫೈಲು ಉಚ್ಚೆ ಹುಯ್ಯಲ್ಲ ಕಣ್ರೀ."

ಆವಲಪ್ಪ ಹೊಸಕೋಟೆಯ ಒಂದು ಕಚೇರಿಯಲ್ಲಿ ಗುಮಾಸ್ತ. ಚಿಕ್ಕಂದಿನಿಂದ ಹಾಸ್ಟೆಲಿನಲ್ಲಿ ಬೆಳೆದವನು. ರಾಗಿಯನ್ನು ಮುದ್ದೆಯಾಗಿ, ಅವರೆಯನ್ನು ಸಾರಿನಲ್ಲಿ ಮಾತ್ರ ಕಂಡವನು. ಎರಡೆಕರೆ ಹೊಲ ಅವನ ಹೆಸರಿನಲ್ಲಿದ್ದರೂ ಬೇಸಾಯವೆಲ್ಲ ಹೆಂಡತಿಯದು ಮತ್ತು ಪಕ್ಕದೂರಿನ ಮಾವ ಸೊಣ್ಣಪ್ಪನದು. ಹೋದ ಯುಗಾದಿಯಲ್ಲಿ ಆ ಮಾವ ಹತ್ತು ಜನರೆದುರು, "ನಮ್ಮ ಅಳೀಮಯ್ಯನಿಗೆ ನೊಗ ಯಾವುದು ನೇಗಿಲು ಯಾವುದು ತಿಳೀದು, ಆದ್ರೆ ಕೈಬರಹ ಮಾತ್ರ ಮುತ್ತು!" ಎಂದುಬಿಟ್ಟಿದ್ದ. ಆ ಮಾತು ಆವಲಪ್ಪನ ಹೊಟ್ಟೆಯಲ್ಲಿ ಇನ್ನೂ ಅರಗಿರಲಿಲ್ಲ.

"ನೋಡಿ, ಐದು ತೆಂಗಿನ ಚಿಪ್ಪಿನಲ್ಲಿ ಬಿತ್ತನೆ ಕಾಳು ಅಳೆದಿಟ್ಟಿದ್ದೀನಿ, ಅವರೆ, ತೊಗರಿ, ಅಲಸಂದೆ, ಜೋಳ, ಹುಚ್ಚೆಳ್ಳು," ಎಂದಳು ಮುನಿಗಂಗಮ್ಮ. "ವರ್ಷವೆಲ್ಲ ಬೂದಿ ಹಾಕಿ ಕಾಪಾಡಿರೋದು. ಮಧ್ಯಾಹ್ನಕ್ಕೆ ಅಪ್ಪ ಬಿತ್ತೋಕೆ ರಾಗಿ, ಕೂರಿಗೆ ತರ್ತಾನೆ. ಅದಕ್ಕೇನಾದ್ರೂ ಆಯ್ತೋ, ವರ್ಷ ಪೂರ್ತಿ ಉಪ್ಪುಸಾರೇ ಗತಿ. ತಿಳೀತಾ?"

"ತಿಳೀತು ತಿಳೀತು, ನೀನು ಹೊರಡು!"

ಅವಳು ಬೀದಿ ತಿರುಗುವುದರೊಳಗೆ ಆವಲಪ್ಪ ಹಳೆಯ ಕಾಗದವೊಂದರ ಹಿಂದೆ ಕಾರ್ಯಕ್ರಮ ಪಟ್ಟಿ ಬರೆದ. ಎಂಟರಿಂದ ಎಂಟೂವರೆ, ಡಬ್ಬ ಬಡಿಯುವುದು. ಎಂಟೂವರೆಯಿಂದ ಒಂಬತ್ತು, ಚೆಂಬಿನಿಂದ ಲೋಟಕ್ಕೆ ನೀರು ಸುರಿಯುವುದು. ಆಮೇಲೆ ಜರಡಿಯನ್ನು ಬಂಡಿಯ ಗಾಲಿ ಮಾಡಿ ಉರುಳಿಸುವುದು. ಹತ್ತಕ್ಕೆ ನಿದ್ರೆ. ಕೆಳಗೆ ರುಜು ಹಾಕಿ, ತಾರೀಖನ್ನೂ ನಮೂದಿಸಿದ!

ಮಗಳು ಲಚ್ಚಿಗೆ ಓದಲು ಬರುತ್ತಿರಲಿಲ್ಲವಾಗಿ ಅವಳು ಪಟ್ಟಿಯನ್ನು ಪಾಲಿಸಲಿಲ್ಲ. ಡಬ್ಬವನ್ನು ಮೂರು ಸಲ ಬಡಿದು ನಾಲ್ಕನೆಯದನ್ನು ಅಪ್ಪನ ಮೊಣಕಾಲಿಗೆ ಬಡಿದಳು. ಚೆಂಬಿನ ನೀರನ್ನು ತಲೆಯ ಮೇಲೆ ಸುರಿದುಕೊಂಡಳು. ಜರಡಿ ಉರುಳಿ ಬಚ್ಚಲು ಸೇರಿತು. ನಿದ್ರೆಯ ಹೊತ್ತಿನವರೆಗೆ ಸಾಗಬೇಕಿದ್ದ ಆಟಗಳೆಲ್ಲ ಎಂಟೂಹತ್ತಕ್ಕೇ ಮುಗಿದುಹೋಗಿದ್ದವು. ಲಚ್ಚಿ ನೆಲಕ್ಕೆ ಬಿದ್ದು, "ಅಮ್ಮಾ..." ಎಂದು ಶುರು ಮಾಡಿದಳು. ಆ ದನಿ ಹೊಲಕ್ಕೆ ಕೇಳಿಸಿದರೆ ಮಾನ ಹೋಯಿತಲ್ಲ ಎಂದು ಆವಲಪ್ಪ ಸುತ್ತಮುತ್ತ ಕಣ್ಣಾಡಿಸಿದ. ಮೂಲೆಯಲ್ಲಿ ಐದು ಚಿಪ್ಪುಗಳು ಸಾಲಾಗಿ ಕೂತಿದ್ದವು.

ಬರೀ ತೋರಿಸುವುದು ಅಷ್ಟೇ, ಮುಟ್ಟಿಸುವುದಿಲ್ಲ ಎಂದುಕೊಂಡ. ಮೊರವೊಂದನ್ನು ತಂದು ಅದರಲ್ಲಿ ಚಿಪ್ಪುಗಳನ್ನಿಟ್ಟು, "ನೋಡಮ್ಮ, ಇದು ಅವರೆ, ಇದು ಜೋಳ, ಇದು ಹುಚ್ಚೆಳ್ಳು, ಇದು... ಇದೂ ಯಾವುದೋ ಒಂದು ಕಾಳು," ಎಂದು ಪಾಠ ಶುರು ಮಾಡಿದ. ಲಚ್ಚಿಯ ಅಳು ಗಕ್ಕನೆ ನಿಂತಿತು. ಒಂದು ಕಾಳು ಎತ್ತಿದಳು, ಇಟ್ಟಳು. ಇನ್ನೊಂದು ಎತ್ತಿದಳು, ಇಟ್ಟಳು. ಎಂಥ ಶಾಂತಿ! ಆವಲಪ್ಪ ಗೋಡೆಗೆ ಒರಗಿ ಪೇಪರು ಬಿಡಿಸಿದ. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಕಣ್ಣು ಮುಚ್ಚಿತು.

ಎಚ್ಚರವಾದಾಗ ಐದೂ ಚಿಪ್ಪುಗಳು ಬರಿದಾಗಿದ್ದವು. ಮೊರದ ತುಂಬ ಒಂದೇ ರಾಶಿ! ಅದರ ನಡುವೆ ಲಚ್ಚಿ ಎರಡೂ ಕೈ ಆಡಿಸುತ್ತಾ ಕೂತಿದ್ದಳು. ಆವಲಪ್ಪ ಪೇಪರು ಬಿಸಾಕಿ ಎದ್ದ. ಒಂದು ವರ್ಷದ ಬೀಜ! ಮಾವ ಬರುವುದಕ್ಕೆ ನಾಲ್ಕು ಗಂಟೆ ಕೂಡ ಇಲ್ಲ. ಮುಂದಿನ ಯುಗಾದಿಗೆ ಹತ್ತಲ್ಲ, ನೂರು ಜನರನ್ನು ಸೇರಿಸಿ ಈ ಕಥೆ ಹೇಳುತ್ತಾನೆ!

ಆದರೆ ಆವಲಪ್ಪನೇನು ಸಾಮಾನ್ಯನೇ? ಕಲಸುಮೇಲೋಗರವಾದ ಕಡತಗಳನ್ನು ಊರುವಾರು ವಿಂಗಡಿಸುವುದರಲ್ಲಿ ಇಡೀ ಕಚೇರಿಯಲ್ಲೇ ಅವನ ಸಮಾನರಿರಲಿಲ್ಲ. ಬಚ್ಚಲಿನಿಂದ ಜರಡಿ ತಂದು ತೊಳೆದು ಒರೆಸಿ, ರಾಶಿಯನ್ನು ಜಾಲಿಸಿದ. ಹುಚ್ಚೆಳ್ಳೆಲ್ಲ ಕೆಳಗಿನ ಪೇಪರಿನ ಮೇಲೆ ಕರಿ ಮರಳಿನ ಹಾಗೆ ಉದುರಿತು. ಅರೆರೆ, ಇಷ್ಟೇನಾ ಎಂದು ಮೀಸೆ ತಿರುವಿದ.

ಮಿಕ್ಕ ನಾಲ್ಕು ತಲೆ ತಿನ್ನತೊಡಗಿದವು. ಬೆಳ್ಳಗಿರುವುದು ಜೋಳ, ಸರಿ. ಬಿಳಿ ಮೂತಿಯದು ಅವರೆ, ಅದೂ ಸರಿ. ಆದರೆ ಕೆಂಪಗಿರುವುದರಲ್ಲಿ ತೊಗರಿ ಯಾವುದು, ಅಲಸಂದೆ ಯಾವುದು? ಉದ್ದಗಿನದು ತೊಗರಿಯೋ, ಗುಂಡಗಿನದೋ? ಅಥವಾ ಎರಡೂ ಅಲಸಂದೆಯೇ ಆಗಿದ್ದು, ತೊಗರಿ ಬೇರೆಲ್ಲೋ ಇದೆಯೇ? ಹಾಗಾದರೆ ಚಿಪ್ಪು ಐದಿದ್ದವೋ ಆರಿದ್ದವೋ? ಅವನು ಹತ್ತು ಕಾಳು ಆರಿಸಿದರೆ ಲಚ್ಚಿ ಅದರಲ್ಲಿ ಆರನ್ನು ಪ್ರೀತಿಯಿಂದ ವಾಪಸು ರಾಶಿಗೆ ಹಾಕುತ್ತಿದ್ದಳು. ಅರ್ಧ ಗಂಟೆಯಾದ ಮೇಲೆ ನೋಡಿದರೆ ರಾಶಿ ಮೊದಲಿಗಿಂತ ಚೆನ್ನಾಗಿ ಬೆರೆತಿತ್ತು.

"ಲೇ ಲಚ್ಚಿ, ಕೈಯಲ್ಲಿದ್ದ ಅವರೆಕಾಳು ಎಲ್ಲಿ ಹಾಕ್ದೆ?"

ಲಚ್ಚಿ ಮೂಗು ತೋರಿಸಿದಳು.

ಆವಲಪ್ಪ ಕಾಳನ್ನು ಅಲ್ಲೇ ಬಿಟ್ಟು ಎದ್ದ! ಅವಳನ್ನು ಬಾಗಿಲ ಬೆಳಕಿಗೆ ಹಿಡಿದು ಮೂಗಿನೊಳಗೆ ಇಣುಕಿದ. ಏನೂ ಕಾಣಲಿಲ್ಲ. ಕಾಣದಿರುವುದೇ ಒಳಗೆ ಹೋಗಿದೆ ಎಂಬುದಕ್ಕೆ ಸಾಕ್ಷಿ! ಮಗುವನ್ನು ಕಂಕುಳಿಗೇರಿಸಿ ಪಕ್ಕದ ಮನೆಗೆ ಓಡಿದ. ಕದಿರಮ್ಮಜ್ಜಿ ಜಗಲಿಯ ಮೇಲೆ ಕೂತು ನಶ್ಯ ಏರಿಸುತ್ತಿದ್ದಳು.

"ಅಜ್ಜೀ, ಮಗು ಮೂಗಿಗೆ ಕಾಳು ಹಾಕ್ಕೊಂಡ್ಬಿಟ್ಟಿದೆ!"

"ಗಾಬರಿ ಯಾಕಪ್ಪಾ? ನಮ್ಮ ಬೈರಣ್ಣ ಹುಣಿಸೆ ಬೀಜಾನೇ ಏರಿಸ್ಕೊಂಡಿದ್ದ. ಎರಡು ಸೀನು, ಬೀಜ ಹೊರಗೆ. ತಗೋ, ಒಂದು ಚಿಟಿಕೆ ನಶ್ಯ. ಮೂಗಿನ ಹತ್ತಿರ ಹಿಡಿ ಸಾಕು, ತುರುಕಬೇಡ ಮತ್ತೆ. ಯಾವ ಕಾಳು?"

"ಯಾವುದೋ... ಒಂದು ಕಾಳು."

ಬಿತ್ತನೆ ಕಾಳು ಎಂದು ಬಾಯಿಬಿಟ್ಟರೆ ಅಜ್ಜಿ ನೋಡಲು ಬರುತ್ತಾಳೆ, ಅವಳು ನೋಡಿದರೆ ಸಂಜೆಗೆ ಊರೇ ನೋಡುತ್ತದೆ. ಹೀಗೆ ಯೋಚಿಸಿದ ಆವಲಪ್ಪ ನಶ್ಯದ ಸಮೇತ ಮನೆಯೊಳಗೆ ಬಂದು ಅಗುಳಿ ಹಾಕಿದ. ಮೊರದ ಪಕ್ಕ ಕೂತು ಮಗಳ ಮೂಗಿನ ಬಳಿಗೆ ಬೆರಳು ಒಯ್ದ. ಆಗ ಒಂದು ಅನುಮಾನ ಬಂತು. ಖಾರ ಎಷ್ಟಿದೆಯೋ ಏನೋ! ಹೆತ್ತ ತಂದೆಯಾದವನು ಮೊದಲು ತಾನು ನೋಡಬೇಡವೇ? ನೋಡಿದ.

ಆ ಸೀನು ಸಾಮಾನ್ಯದ್ದಲ್ಲ! ಮೊದಲನೆಯದಕ್ಕೆ ಪೇಪರಿನ ಮೇಲಿದ್ದ ಹುಚ್ಚೆಳ್ಳು ಮೇಲೆದ್ದಿತು. ಎರಡನೆಯದಕ್ಕೆ ಗೋಡೆಗೆ ಹೋಗಿ ಬಡಿಯಿತು. ಮೂರನೆಯದಕ್ಕೆ ಅವನ ಮೊಣಕೈ ತಾಗಿ ಮೊರವೇ ಮಗುಚಿಕೊಂಡಿತು. ಲಚ್ಚಿ ಚಪ್ಪಾಳೆ ತಟ್ಟಿ ಕುಣಿದಳು. ಬೆಳಗಿನಿಂದ ಅವಳಿಗೆ ನಿಜವಾಗಿ ಹಿಡಿಸಿದ ಆಟ ಇದೊಂದೇ.

"ಅಪ್ಪಾ, ಇನ್ನೊಂದು!"

ಕಣ್ಣೀರು ಒರೆಸಿಕೊಳ್ಳುತ್ತಾ ಆವಲಪ್ಪ ಕೇಳಿದ, "ನಿನ್ನ ಕಾಳು ಎಲ್ಲೇ, ಇನ್ನೊಂದ್ಸಲ ತೋರಿಸು?" ಲಚ್ಚಿ ಕಿವಿ ತೋರಿಸಿದಳು. "ಡಬ್ಬ ಎಲ್ಲಿ?" ಹೊಟ್ಟೆ ತೋರಿಸಿದಳು. "ಅಮ್ಮ ಎಲ್ಲಿ?" ಅಪ್ಪನ ಮೂಗನ್ನು ಹಿಡಿದೆಳೆದಳು! ಹೋದ ವಾರವಿಡೀ ತಾನೇ ಕೂರಿಸಿಕೊಂಡು 'ಮೂಗೆಲ್ಲಿ, ಕಿವಿಯೆಲ್ಲಿ' ಎಂದು ಹೇಳಿಕೊಟ್ಟಿದ್ದ ಪಾಠ ಅದು. 'ಎಲ್ಲಿ' ಎಂದು ಯಾರು ಏನೇ ಕೇಳಿದರೂ ಅವಳು ಅದನ್ನೇ ಒಪ್ಪಿಸುತ್ತಾಳೆ. ಆ ಅವರೆಕಾಳು ಅವಳ ಅಂಗೈಯಲ್ಲೇ ಬೆಚ್ಚಗಿತ್ತು. ಆವಲಪ್ಪ ಮಗಳನ್ನು ತಬ್ಬಿಕೊಂಡು ಮುತ್ತಿಟ್ಟ. ಬೀಜ ಹಾಳಾಗಲಿ, ಕೂಸು ಉಳಿಯಿತಲ್ಲ ಎಂದು ಅವನಿಗೆ ನಿಜಕ್ಕೂ ಕಣ್ಣು ತುಂಬಿ ಬಂತು. ಸ್ವಲ್ಪ ನಶ್ಯದ ಪಾಲೂ ಅದರಲ್ಲಿತ್ತು.

ಕೊನೆಗೂ ಲಚ್ಚಿ ಅವನ ಹೆಗಲ ಮೇಲೆ ನಿದ್ದೆಹೋದಳು. ಅವಳನ್ನು ಚಾಪೆಯ ಮೇಲೆ ಮಲಗಿಸಿ, ಪೊರಕೆ ಹಿಡಿದು ನೆಲವೆಲ್ಲ ಗುಡಿಸಿ, ಮಂಡಿಯೂರಿ ಒಲೆಯ ಸಂದಿಯಿಂದಲೂ ಕಾಳು ಹೆಕ್ಕಿ, ಮತ್ತೆ ಜಾಲಿಸಿ, ಮತ್ತೆ ಆರಿಸಿದ. ಉಂಡಿಲ್ಲ, ನೀರು ಕುಡಿದಿಲ್ಲ. ಸೊಂಟ ಹಿಡಿದುಕೊಂಡಿತು, ಕಣ್ಣು ಮಂಜಾಯಿತು. ಉದ್ದಗಿನದಕ್ಕೆ ಅಲಸಂದೆ ಎಂದೂ ಗುಂಡಗಿನದಕ್ಕೆ ತೊಗರಿ ಎಂದೂ ದೇವರ ಮೇಲೆ ಭಾರ ಹಾಕಿ ತೀರ್ಮಾನಿಸಿದ. ಎರಡು ಗಂಟೆಗೆ ಸರಿಯಾಗಿ ಐದು ಚಿಪ್ಪುಗಳೂ ತುಂಬಿ ನಿಂತವು. ಒಂದೊಂದರ ಮೇಲೂ ತನ್ನ ಮುತ್ತಿನಂಥ ಕೈಬರಹದಲ್ಲಿ ಚೀಟಿ ಬರೆದು ಸಿಕ್ಕಿಸಿದ.

ಅಷ್ಟರಲ್ಲಿ ಹೊರಗೆ ಎತ್ತಿನ ಗಂಟೆ ಕೇಳಿತು. ಮುನಿಗಂಗಮ್ಮನೂ ಸೊಣ್ಣಪ್ಪನೂ ಒಳಗೆ ಬಂದರು.

"ಏನ್ ಅಳೀಮಯ್ಯ, ಕೂಸು ಗೋಳು ಹೊಯ್ಕೊಳ್ತಾ?"

"ಛೆ ಛೆ! ಕೂತಲ್ಲೇ ಆಟ, ಮಲಗಿದಲ್ಲೇ ನಿದ್ದೆ. ಬೀಜ ನೋಡಿ ಮಾವ, ಒಂದು ಕಾಳು ಆಚೀಚೆ ಆಗಿಲ್ಲ!"

ಸೊಣ್ಣಪ್ಪ ಚೀಟಿಗಳನ್ನು ಒಂದೊಂದಾಗಿ ಕಿತ್ತು ಪಕ್ಕಕ್ಕಿಟ್ಟ. ಮೊರವನ್ನು ಎಳೆದುಕೊಂಡ. ಅವರೆ ಸುರಿದ. ಅದರ ಮೇಲೆ ತೊಗರಿ ಸುರಿದ. ಅದರ ಮೇಲೆ ಜೋಳ!

"ಅಯ್ಯಯ್ಯೋ ಮಾವ, ನಿಲ್ಸಿ! ಏನ್ ಮಾಡ್ತಿದ್ದೀರಿ?" ಎಂದು ಆವಲಪ್ಪ ಕಿರುಚಿದ.

ಅಲಸಂದೆ, ಹುಚ್ಚೆಳ್ಳು ಎಲ್ಲ ಸುರಿದು, ಎರಡೂ ಕೈಯಿಂದ ಚೆನ್ನಾಗಿ ಕಲೆಸುತ್ತಾ ಸೊಣ್ಣಪ್ಪ ತಲೆಯೆತ್ತಿದ. "ಅಕ್ಕಡಿ ಕಾಳು ಕಣಪ್ಪಾ, ರಾಗಿ ನಡುವೆ ಬಿತ್ತೋದು. ಆರು ಸಾಲು ರಾಗಿಗೆ ಒಂದು ಅಕ್ಕಡಿ ಸಾಲು. ಎಲ್ಲಾ ಬೆರೆಸೇ ಬಿಡೋದು. ಬೇರೆ ಬೇರೆ ಬಿಡೋಕೆ ಎತ್ತಿಗೇನು ಐದು ಜನ್ಮ ಇದ್ದಾವಾ?"

ಮಾವ ಕಿತ್ತಿಟ್ಟಿದ್ದ ಚೀಟಿಗಳನ್ನು ಆವಲಪ್ಪ ಒಂದೊಂದಾಗಿ ಎತ್ತಿಕೊಂಡ. ಹೆಂಡತಿ ಅವನ ಮುಖ ನೋಡಿದಳು. ಮೀಸೆಗೆ ಅಂಟಿದ್ದ ಹುಚ್ಚೆಳ್ಳು ನೋಡಿದಳು, ಕೆಂಪಾದ ಮೂಗು ನೋಡಿದಳು, ಗೋಡೆ ನೋಡಿದಳು. ಕೇಳುವ ಅಗತ್ಯವೇ ಬೀಳಲಿಲ್ಲ. ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ಅಲ್ಲೇ ಕುಸಿದು ಕೂತಳು, ನಗುವಿಗೆ ಅವಳ ಭುಜವೆಲ್ಲ ಅಲುಗುತ್ತಿತ್ತು.

ಗದ್ದಲಕ್ಕೆ ಎದ್ದ ಲಚ್ಚಿ ನೇರವಾಗಿ ಮೊರದ ಬಳಿಗೆ ಬಂದು, ತಾತನ ಎದುರು ಕೂತು, ತಾನೂ ಎರಡು ಕೈ ಹಾಕಿ ಕಲೆಸತೊಡಗಿದಳು.

"ಭಲೇ!" ಎಂದ ಸೊಣ್ಣಪ್ಪ. "ಗಂಗಮ್ಮಾ, ಕೂಸನ್ನ ಹೊಲಕ್ಕೆ ಕರ್ಕೊಂಡು ಹೋಗೋಣ ನಡಿ. ಇದಕ್ಕೆ ಕೆಲಸ ಗೊತ್ತೈತೆ." ಮೊಮ್ಮಗಳನ್ನು ಹೆಗಲಿಗೇರಿಸಿಕೊಂಡು ಹೊರಟೇಬಿಟ್ಟ.

ಮುನಿಗಂಗಮ್ಮ ಬೀಜದ ಮೊರ ಸೊಂಟಕ್ಕಿಟ್ಟುಕೊಂಡು, ಬಾಗಿಲು ದಾಟಿ, ಪಕ್ಕದ ಜಗಲಿಯ ಕಡೆ ತಿರುಗಿ ಕೂಗಿದಳು:

"ಕದಿರಮ್ಮಜ್ಜೀ, ನಾವು ಬರೋ ತನಕ ನಮ್ಮನೆಯವರ ಮೇಲೆ ಒಂದು ಕಣ್ಣಿಟ್ಟಿರಿ. ಆಡ್ಕೊಳ್ಳೋಕೆ ಐದು ಚಿಪ್ಪು ಕೊಟ್ಟಿದ್ದೀನಿ!"